ಕೊಲ್ಹಾಪುರಿ ಚಪ್ಪಲಿಯ ಹಕ್ಕು ಯಾರದು?

ಪ್ರಶ್ನೆ: 2025ರ ಜೂನ್‌ನಲ್ಲಿ ಇಟಲಿಯ ಐಷಾರಾಮಿ ಫ್ಯಾಷನ್ ಸಂಸ್ಥೆ ಪ್ರಾಡಾ ಮಿಲಾನ್‌ನಲ್ಲಿ ಪ್ರದರ್ಶಿಸಿದ ಪಾದರಕ್ಷೆಗಳು ನಮ್ಮ ಕೊಲ್ಹಾಪುರಿಯನ್ನೇ ಹೋಲುತ್ತಿದ್ದವು. ಒಂದು ಪ್ರದೇಶದ ವಿಶಿಷ್ಟ ಉತ್ಪನ್ನಕ್ಕೆ ಸಿಗುವ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದ್ದೂ ಇದನ್ನು ತಡೆಯಲಾಗದೇ?

ಉತ್ತರ: ಸುಲಭವಲ್ಲ. 2019ರಲ್ಲಿ ದೊರೆತ ಆ ಮಾನ್ಯತೆಯು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಸಲ್ಲುತ್ತದೆ (ಅಥಣಿಯ ಕುಶಲಕರ್ಮಿಗಳನ್ನು ಈ ಗದ್ದಲದಲ್ಲಿ ನೆನೆದವರು ಕಡಿಮೆ). ಆದರೆ ಅದು ಮುಖ್ಯವಾಗಿ ಹೆಸರನ್ನು ಕಾಯುತ್ತದೆಯೇ ಹೊರತು ವಿನ್ಯಾಸವನ್ನಲ್ಲ, ಮೇಲಾಗಿ ಭಾರತದಲ್ಲಿ ಆದ ನೋಂದಣಿ ಇಟಲಿಯಲ್ಲಿ ತಾನಾಗಿ ಜಾರಿಗೆ ಬರುವುದಿಲ್ಲ. ಟೀಕೆಗಳ ಬಳಿಕ ಪ್ರಾಡಾ ಭಾರತೀಯ ಪ್ರೇರಣೆಯನ್ನು ಒಪ್ಪಿಕೊಂಡು, ಡಿಸೆಂಬರ್‌ನಲ್ಲಿ ಸರ್ಕಾರಿ ಚರ್ಮೋದ್ಯಮ ನಿಗಮಗಳಾದ ಕರ್ನಾಟಕದ ಲಿಡ್ಕರ್ ಹಾಗೂ ಮಹಾರಾಷ್ಟ್ರದ ಲಿಡ್ಕಾಂಗಳೊಡನೆ, ಇಲ್ಲಿನ ಕುಶಲಕರ್ಮಿಗಳಿಂದ ಚಪ್ಪಲಿ ಮಾಡಿಸುವ ಒಪ್ಪಂದ ಮಾಡಿಕೊಂಡಿತು. ದುಬಾರಿ ಬೆಲೆಗೆ ಮಾರಾಟವಾಗುವ ಆ ಚಪ್ಪಲಿಗಳಲ್ಲಿ ಹೊಲಿಯುವವರ ಪಾಲು ಎಷ್ಟೆಂಬುದನ್ನೇ, ನನ್ನ ಅಭಿಪ್ರಾಯದಲ್ಲಿ, ಇನ್ನು ಮುಂದೆ ಕೇಳಬೇಕಾಗಿದೆ.