ಸೈಕಲ್ ಪ್ರಶ್ನೋತ್ತರ: ಮೊದಲು ಟೇಪು, ಆಮೇಲೆ ಆರ್ಡರ್

ಮಳೆ ಸ್ವಲ್ಪ ಹಿಂದೆ ಸರಿದರೆ ಸಾಕು, ಈ ಅಂಕಣಕ್ಕೆ ಪತ್ರಗಳು ಜಾಸ್ತಿಯಾಗುತ್ತವೆ. ಈ ಸಲ ಬಂದವುಗಳಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ ವಿಷಯ: ಊರಲ್ಲಿ ಸಿಗದ ಸೈಕಲ್ ಸಾಮಾನನ್ನು ಪಾರ್ಸೆಲ್‌ನಲ್ಲಿ ತರಿಸುವುದು ಹೇಗೆ? ನಾನು ಬೇಲೂರಿನಲ್ಲಿ ಅಪ್ಪನ ಸೈಕಲ್ ಅಂಗಡಿಯಲ್ಲಿ ಬೆಳೆದವಳು. ಈಗ ಚಿಕ್ಕಮಗಳೂರಿನಲ್ಲಿದ್ದೇನೆ. ನನ್ನ ಸೈಕಲ್ಲಿಗೆ ಹಾಕಿದ ಸಾಮಾನಿನಲ್ಲಿ ಅರ್ಧ ಪಾರ್ಸೆಲ್‌ನಲ್ಲೇ ಬಂದದ್ದು. ಹಾಗಾಗಿ ಈ ಪತ್ರಗಳನ್ನು ತುಂಬಾ ಪ್ರೀತಿಯಿಂದ ಓದಿದೆ.

ಪ್ರಶ್ನೆ: ನನ್ನ ಎತ್ತರ 5 ಅಡಿ 1 ಇಂಚು. ದಸರಾ ರಜೆಯಲ್ಲಿ ಗೆಳತಿಯ ಜೊತೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಸೈಕಲ್ಲಿನಲ್ಲಿ ಹೋಗುವ ಆಸೆ. ಸೀಟ್ ಬ್ಯಾಗ್, ಹ್ಯಾಂಡಲ್ ಬ್ಯಾಗ್, ಫ್ರೇಮ್ ಬ್ಯಾಗ್ ಮೂರೂ ಇರುವ ಸೆಟ್ ಮೊಬೈಲಿನಲ್ಲಿ ನೋಡಿದೆ. ಸೀಟ್ ಬ್ಯಾಗ್ 16 ಲೀಟರಿನದು. ತರಿಸಲೇ?
— ಶಾಲಾ ಶಿಕ್ಷಕಿ, ಮೂಡಿಗೆರೆ

ಉತ್ತರ: ಇವತ್ತೇ ಬೇಡ, ಮೇಡಂ. ಮನೆಯಲ್ಲಿ ಬಟ್ಟೆ ಹೊಲಿಯುವ ಟೇಪು ಇರುತ್ತದಲ್ವಾ, ಅದನ್ನು ತೆಗೆದುಕೊಂಡು ಸೈಕಲ್ಲಿನ ಹತ್ತಿರ ಹೋಗಿ. ಸೀಟಿನ ಅಡಿಯಲ್ಲಿ ಎರಡು ಸರಳುಗಳಿವೆ. ಅಲ್ಲಿಂದ ಹಿಂದಿನ ಟೈರಿನ ಮೇಲ್ಭಾಗಕ್ಕೆ ಎಷ್ಟು ಸೆಂಟಿಮೀಟರ್ ಇದೆ ಅಂತ ಅಳೆಯಿರಿ. ದೊಡ್ಡ ಸೀಟ್ ಬ್ಯಾಗ್ ಕೂರುವುದೂ ಕೂರದಿರುವುದೂ ಈ ಒಂದು ಅಳತೆಯ ಮೇಲೆ ನಿಂತಿದೆ. ನಮ್ಮಂಥ ಗಿಡ್ಡನೆಯವರ ಸೈಕಲ್ಲಿನಲ್ಲಿ ಫ್ರೇಮು ಚಿಕ್ಕದು, ಸೀಟು ಕೆಳಗೆ, ಚಕ್ರ ಮಾತ್ರ ಎಲ್ಲರಷ್ಟೇ ದೊಡ್ಡದು. ಜಾಗ ಉಳಿಯುವುದೇ ಇಲ್ಲ. ಜಾಹೀರಾತಿನ ಚಿತ್ರದಲ್ಲಿ ಇರುವುದು ಆರಡಿ ಎತ್ತರದವರ ಸೈಕಲ್.

ಇದನ್ನು ನಾನು ಕಲಿತದ್ದು ನೀವು ಹೋಗಬೇಕು ಅಂದುಕೊಂಡಿರುವ ದಾರಿಯಲ್ಲೇ. ನನ್ನ ಸೈಕಲ್ಲಿನಲ್ಲಿ ಆ ಜಾಗ ಇದ್ದದ್ದು 17 ಸೆಂಟಿಮೀಟರ್. ಅಳೆಯದೆ ದೊಡ್ಡ ಬ್ಯಾಗ್ ತರಿಸಿದ್ದೆ. ಮನೆ ಅಂಗಳದಲ್ಲಿ ಖಾಲಿ ಬ್ಯಾಗ್ ಕಟ್ಟಿ ನೋಡಿದಾಗ ಚೆನ್ನಾಗಿಯೇ ಕೂತಿತ್ತು. ಬಟ್ಟೆ ತುಂಬಿ ಹೊರಟ ಮೇಲೆ ಅದು ಜೋತು ಬಿತ್ತು. ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿನ್ನಲು ಇಳಿದು ನೋಡಿದರೆ ಬ್ಯಾಗಿನ ತಳವನ್ನು ಟೈರು ಉಜ್ಜಿ ಉಜ್ಜಿ ತೂತು ಮಾಡಿತ್ತು. ಒಳಗಿದ್ದ ಸ್ವೆಟರ್ ಕೂಡ ಹರಿದಿತ್ತು. ಬಳಸಿದ ಬ್ಯಾಗ್ ಅಂತ ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಅದು ನ್ಯಾಯವೇ. ಈಗ ಬ್ಯಾಗಿನ ವಿವರದಲ್ಲಿ ಕನಿಷ್ಠ ಎಷ್ಟು ಜಾಗ ಬೇಕು ಅಂತ ಬರೆದಿಲ್ಲದಿದ್ದರೆ ಮೊದಲು ಅವರಿಗೆ ಬರೆದು ಕೇಳುತ್ತೇನೆ. ಉತ್ತರ ಬಾರದಿದ್ದರೆ ತರಿಸುವುದಿಲ್ಲ.

ನಿಮಗೆ ಎರಡು ರಾತ್ರಿಯ ಬಟ್ಟೆ ಸಾಕು. ಆರೇಳು ಲೀಟರಿನ ಸಣ್ಣ ಸೀಟ್ ಬ್ಯಾಗ್ ಬೇಕಾದಷ್ಟಾಯಿತು. ಅದರಲ್ಲಿ ಹಗುರವಾದದ್ದು ಮಾತ್ರ ಇರಲಿ. ಬೀಗ, ಟೂಲು, ಪಂಪು, ಪವರ್ ಬ್ಯಾಂಕ್ ಮುಂತಾದ ಭಾರದ ಸಾಮಾನೆಲ್ಲ ಫ್ರೇಮಿನ ಮಧ್ಯೆ, ಕೆಳಗೆ ಇರಬೇಕು. ಹಿಂದೆ ಭಾರ ತೂಗಾಡಿದರೆ ಚಾರ್ಮಾಡಿಯ ತಿರುವುಗಳಲ್ಲಿ ಸೈಕಲ್ ನಿಮ್ಮ ಮಾತು ಕೇಳುವುದಿಲ್ಲ. ಹ್ಯಾಂಡಲ್ ಬ್ಯಾಗ್ ಕಟ್ಟಿದರೆ ಬ್ರೇಕಿನ ಕೇಬಲ್ ಮಡಚಿಕೊಂಡಿಲ್ಲವಲ್ಲ, ಲೈಟಿಗೆ ಅಡ್ಡ ಬಂದಿಲ್ಲವಲ್ಲ ಅಂತ ನೋಡಿಕೊಳ್ಳಿ. ಘಾಟಿಯಲ್ಲಿ ಹಗಲಲ್ಲೂ ಮಂಜು ಕವಿಯುತ್ತದೆ.

ಫ್ರೇಮ್ ಬ್ಯಾಗನ್ನಂತೂ ಪಾರ್ಸೆಲ್‌ನಲ್ಲಿ ತರಿಸಲೇಬೇಡಿ. ಒಂದೊಂದು ಫ್ರೇಮಿನ ಮೂಲೆ ಒಂದೊಂದು ಥರ. ನಾನು ರಟ್ಟಿನ ಪೆಟ್ಟಿಗೆ ಹರಿದು ಫ್ರೇಮಿನೊಳಗೆ ಸರಿಯಾಗಿ ಕೂರುವ ಹಾಗೆ ಕತ್ತರಿಸಿದೆ. ನೀರಿನ ಬಾಟಲಿ ಬರುವ ಜಾಗಕ್ಕೆ ಗುರುತು ಹಾಕಿದೆ. ಆ ರಟ್ಟನ್ನು ಲಾರಿ ಟಾರ್ಪಾಲು, ಜೀಪಿನ ಹುಡ್ಡು ಹೊಲಿಯುವವರ ಹತ್ತಿರ ಕೊಟ್ಟೆ. ಅವರು ಎರಡು ದಿನದಲ್ಲಿ ಹೊಲಿದುಕೊಟ್ಟ ಬ್ಯಾಗ್ ಇವತ್ತಿಗೂ ಗಟ್ಟಿಯಾಗಿದೆ. ಮಲೆನಾಡಿನಲ್ಲಿ ಹುಡ್ಡು ಹೊಲಿಯುವವರಿಲ್ಲದ ಪೇಟೆ ಯಾವುದಿದೆ ಹೇಳಿ?

ಮಳೆಯ ವಿಷಯ ಒಂದು ಮಾತು. ವಾಟರ್‌ಪ್ರೂಫ್ ಅಂತ ಬರೆದದ್ದನ್ನೆಲ್ಲ ನಂಬಬೇಡಿ. ಬಟ್ಟೆ ನೀರು ಬಿಡದೆ ಇರಬಹುದು, ಆದರೆ ಹೊಲಿಗೆಯ ತೂತಿನಿಂದ ನೀರು ಇಳಿಯುತ್ತದೆ. ಹೊಲಿಗೆ ಇಲ್ಲದೆ ಬಿಸಿಯಲ್ಲಿ ಅಂಟಿಸಿದ, ಬಾಯಿಯನ್ನು ಸುರುಳಿ ಸುತ್ತಿ ಮುಚ್ಚುವ ಬ್ಯಾಗ್ ನಮ್ಮ ಮಳೆಗೆ ತಡೆಯುತ್ತದೆ. ಅದು ದುಬಾರಿ ಅನ್ನಿಸಿದರೆ ಗೊಬ್ಬರದ ಚೀಲದ ಒಳಗಿರುವ ಪ್ಲಾಸ್ಟಿಕ್ ಚೀಲವನ್ನು ಚೆನ್ನಾಗಿ ತೊಳೆದು ಒಣಗಿಸಿ, ಬಟ್ಟೆಯನ್ನು ಅದರಲ್ಲಿ ಸುತ್ತಿ ಬ್ಯಾಗಿಗೆ ಹಾಕಿ. ಹೋಗಿ ಬಂದ ಮೇಲೆ ಬರೆಯಿರಿ, ಕಾಯುತ್ತೇನೆ.

ಪ್ರಶ್ನೆ: ನನ್ನ ಸೈಕಲ್ಲಿನ ಟೈರಿನ ಮೇಲೆ 700×38 ಅಂತ ಇದೆ. ಮಣ್ಣು ದಾರಿಗೆ 29 ಇಂಚಿನ ಟೈರು ಒಳ್ಳೆಯ ಬೆಲೆಗೆ ಸಿಗುತ್ತಿದೆ. ಕೂರುತ್ತದೆಯೇ? ಅಜ್ಜನ ಹಳೆಯ ಸೈಕಲ್ಲಿಗೂ 28 ಇಂಚಿನ ಟೈರು ಒಟ್ಟಿಗೆ ತರಿಸೋಣ ಅಂತಿದ್ದೇನೆ.
— ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಉತ್ತರ: ಇಂಚಿನ ಲೆಕ್ಕವನ್ನು ಬಿಟ್ಟುಬಿಡಿ. ಟೈರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಗುರುತು ಇರುತ್ತದೆ. ನಿಮ್ಮದರ ಮೇಲೆ 38-622 ಅಂತ ಇರಬೇಕು. ಮೊದಲಿನದು ಅಗಲ, ಎರಡನೆಯದು ಟೈರು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. 29 ಇಂಚಿನ ಟೈರಿನದೂ 622 ಮಿಲಿಮೀಟರೇ. ಅಂದರೆ ರಿಮ್ಮಿಗೆ ಕೂರುತ್ತದೆ. ಆದರೆ ಅವು ಸಾಮಾನ್ಯವಾಗಿ 50 ಮಿಲಿಮೀಟರಿಗಿಂತ ಅಗಲ. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ನಡುವೆ, ಹಿಂದೆ ಬ್ರೇಕಿನ ಹತ್ತಿರ ಅಷ್ಟು ಜಾಗ ಇರುವುದು ಅನುಮಾನ. ಕೆಸರು ಹತ್ತಿದಾಗ ಟೈರು ತಿರುಗಲು ಎರಡೂ ಪಕ್ಕ ನಾಲ್ಕೈದು ಮಿಲಿಮೀಟರ್ ಬಿಡುವು ಬೇಕು. ಅದನ್ನು ಅಳೆದು ನೋಡಿ.

ಅಜ್ಜನ ಸೈಕಲ್ಲಿನ ವಿಷಯದಲ್ಲಿ ತುಂಬಾ ಹುಷಾರಾಗಿರಿ. ನಮ್ಮ ಅಂಗಡಿಯಲ್ಲಿ ಮೊಳೆಗೆ ನೇತು ಹಾಕಿರುತ್ತಿದ್ದ ಕರಿ ಟೈರು 28×1½. ಅದರ ವ್ಯಾಸ 635 ಮಿಲಿಮೀಟರ್. ಹೊರದೇಶದ ಟೈರುಗಳ ಮೇಲೂ 28 ಅಂತ ಇರುತ್ತದೆ, ಆದರೆ ಅದು ಹೆಚ್ಚಾಗಿ 622. ಹದಿಮೂರು ಮಿಲಿಮೀಟರ್ ವ್ಯತ್ಯಾಸ. ಎಷ್ಟು ಎಳೆದರೂ ಅದು ಹತ್ತುವುದಿಲ್ಲ. 26 ಇಂಚಿನಲ್ಲೂ ಇದೇ ಕಥೆ: ದಪ್ಪ ಟೈರಿನ ಗುಡ್ಡಗಾಡು ಸೈಕಲ್ಲಿಗೆ 559, 26×1⅜ ಅಂತ ಬರೆದ ತೆಳು ಟೈರಿಗೆ 590. ಅಜ್ಜನ ಸೈಕಲ್ಲಿನ ಟೈರನ್ನು ಹಾಸನದ ಯಾವುದಾದರೂ ಹಳೆಯ ಸೈಕಲ್ ಅಂಗಡಿಯಲ್ಲಿ ಕೊಳ್ಳಿ. ಅಲ್ಲಿ ಕೈಯಲ್ಲಿ ಹಿಡಿದು ನೋಡಬಹುದು.

ಟ್ಯೂಬ್ ತರಿಸುವಾಗ ವಾಲ್ವ್ ಯಾವುದು ಅಂತ ನೋಡಿ. ದಪ್ಪನೆಯ ಶ್ರೇಡರ್ ವಾಲ್ವ್ ಮೋಟಾರ್ ಬೈಕಿನದೇ ಥರ, ಪೆಟ್ರೋಲ್ ಬಂಕಿನಲ್ಲೂ ಗಾಳಿ ಹಾಕಿಸಬಹುದು. ತೆಳ್ಳಗಿನ ಪ್ರೆಸ್ಟಾ ವಾಲ್ವಿಗೆ ತುದಿಯ ಪುಟ್ಟ ತಿರುಪು ಸಡಿಲಿಸಿ ಹಿತ್ತಾಳೆಯ ಅಡಾಪ್ಟರ್ ಹಾಕಬೇಕು. ಪ್ರೆಸ್ಟಾಗೆ ಕೊರೆದ ರಿಮ್ಮಿನ ತೂತಿನಲ್ಲಿ ಶ್ರೇಡರ್ ತೂರುವುದೇ ಇಲ್ಲ. ದೂರ ಹೋಗುವವರ ಬ್ಯಾಗಿನಲ್ಲಿ ಆ ಅಡಾಪ್ಟರ್ ಒಂದು ಇರಲೇಬೇಕು.

ಪ್ರಶ್ನೆ: ನಮ್ಮದು ತೋಟದ ಮನೆ. ಕೊರಿಯರ್‌ನವರು ಪೇಟೆಯಿಂದಲೇ ಫೋನ್ ಮಾಡಿ, ನೀವೇ ಬನ್ನಿ ಅನ್ನುತ್ತಾರೆ. ಸಿಗ್ನಲ್ ಇಲ್ಲದ ದಿನ ಪಾರ್ಸೆಲ್ ವಾಪಸ್ ಹೋಗುತ್ತದೆ. ಏನು ಮಾಡುವುದು?
— ಕಾಫಿ ಬೆಳೆಗಾರರು, ಸಕಲೇಶಪುರ ತಾಲ್ಲೂಕು

ಉತ್ತರ: ಆರ್ಡರ್ ಮಾಡುವ ಮೊದಲು ಮಾರುವವರಿಗೆ ಒಂದು ಸಾಲು ಬರೆಯಿರಿ: ಸ್ಪೀಡ್ ಪೋಸ್ಟಿನಲ್ಲಿ ಕಳಿಸಲು ಆಗುತ್ತದೆಯೇ ಅಂತ. ಸಣ್ಣ ಅಂಗಡಿಗಳವರು ಹೆಚ್ಚಾಗಿ ಒಪ್ಪುತ್ತಾರೆ. ಅಂಚೆ ಇಲಾಖೆಯ ಪೋಸ್ಟ್‌ಮ್ಯಾನ್‌ಗೆ ನಿಮ್ಮ ತೋಟ, ನಿಮ್ಮ ಗೇಟು, ನಿಮ್ಮ ನಾಯಿ ಎಲ್ಲಾ ಗೊತ್ತು. ಅಪ್ಪ ಬೆಂಗಳೂರಿನಿಂದ ಡೈನಮೊ, ಬೆಲ್ಲು ವಿ.ಪಿ.ಪಿ.ಯಲ್ಲಿ ತರಿಸುತ್ತಿದ್ದರು. ಪೋಸ್ಟ್‌ಮ್ಯಾನ್ ಕೈಗೆ ದುಡ್ಡು ಕೊಟ್ಟ ಮೇಲೆ ಪಾರ್ಸೆಲ್ ನಮ್ಮ ಕೈಗೆ. ಅವರು ಬಾಗಿಲಲ್ಲಿ ಕೂತು ಕಾಫಿ ಕುಡಿದು ಹೋಗುವವರೆಗೂ ಅಪ್ಪ ಪೆಟ್ಟಿಗೆ ಬಿಚ್ಚುತ್ತಿರಲಿಲ್ಲ. ಎಷ್ಟು ಖುಷಿಯಾಗುತ್ತಿತ್ತು!

ಕೊರಿಯರ್ ಬಿಟ್ಟು ಬೇರೆ ದಾರಿ ಇಲ್ಲದಿದ್ದರೆ, ಪೇಟೆಯಲ್ಲಿ ಪರಿಚಯದ ಅಂಗಡಿಯೊಂದರ ವಿಳಾಸ ಕೊಡಿ. ದಿನಾ ಬಾಗಿಲು ತೆರೆದಿರುವ ಅಂಗಡಿ ಆಗಬೇಕು. ಮೊದಲೇ ಅವರಿಗೆ ತಿಳಿಸಿ, ಅವರ ಫೋನ್ ನಂಬರನ್ನೂ ಸೇರಿಸಿ. ಒಂದು ಎಚ್ಚರಿಕೆ: ನೀವು ಆರ್ಡರ್ ಮಾಡದ ಪಾರ್ಸೆಲ್‌ಗೆ ಅವರು ದುಡ್ಡು ಕೊಡದಿರಲಿ. ಪವರ್ ಬ್ಯಾಂಕ್, ಲೈಟಿನ ಬ್ಯಾಟರಿ ಇರುವ ಪಾರ್ಸೆಲ್‌ಗಳನ್ನು ಎಷ್ಟೋ ಸಲ ವಿಮಾನದಲ್ಲಿ ಕಳಿಸದೆ ರಸ್ತೆಯಲ್ಲೇ ಕಳಿಸುತ್ತಾರೆ. ಪ್ರವಾಸಕ್ಕೆ ಎರಡು ವಾರ ಇರುವಾಗಲೇ ತರಿಸಿಕೊಳ್ಳಿ.

ಪ್ರಶ್ನೆ: ಇಲ್ಲಿ ನೋಡಿದ ಸೈಕಲ್ ಬ್ಯಾಗೇ ಹೊರದೇಶದ ಅಂಗಡಿಯಲ್ಲಿ ತುಂಬಾ ಕಡಿಮೆ ಬೆಲೆಗೆ ಕಾಣುತ್ತಿದೆ. ನೇರವಾಗಿ ತರಿಸಬಹುದೇ?
— ಮನೆಯಿಂದ ಕೆಲಸ ಮಾಡುವವರು, ಚಿಕ್ಕಮಗಳೂರು

ಉತ್ತರ: ತರಿಸಬಹುದು, ಆದರೆ ಅಲ್ಲಿ ಕಾಣುವುದು ಪೂರ್ತಿ ಬೆಲೆಯಲ್ಲ. ಸಾಗಣೆ ಖರ್ಚು, ಕಸ್ಟಮ್ಸ್ ಸುಂಕ, ಅದರ ಮೇಲೆ ತೆರಿಗೆ, ಕೊರಿಯರ್‌ನವರ ನಿರ್ವಹಣಾ ಶುಲ್ಕ ಎಲ್ಲಾ ಸೇರುತ್ತದೆ. ಗುರುತಿನ ದಾಖಲೆಯನ್ನೂ ಕೇಳುತ್ತಾರೆ. ಅಳತೆ ತಪ್ಪಿದರೆ ವಾಪಸ್ ಕಳಿಸುವ ಖರ್ಚೇ ಬ್ಯಾಗಿನ ಬೆಲೆಯಷ್ಟಾಗುತ್ತದೆ. ನಮ್ಮ ದೇಶದಲ್ಲಿ ಎಲ್ಲೂ ಸಿಗದ, ಅಳತೆ ಖಚಿತವಾಗಿರುವ ಸಣ್ಣ ಬಿಡಿಭಾಗಕ್ಕೆ ಮಾತ್ರ ನಾನು ಆ ದಾರಿ ಹಿಡಿಯುತ್ತೇನೆ. ಬ್ಯಾಗ್, ಶೂ, ಹೆಲ್ಮೆಟ್‌ಗೆ ಇಲ್ಲ.

ಪ್ರಶ್ನೆ: ಗುಡ್ಡ ಹತ್ತಲು ಹಿಂದಿನ ಚಕ್ರಕ್ಕೆ 34 ಹಲ್ಲಿನ ದೊಡ್ಡ ಕ್ಯಾಸೆಟ್ (ಗೇರಿನ ಹಲ್ಲುಚಕ್ರಗಳ ಕಟ್ಟು) ತರಿಸಿದೆ. ಮೆಕ್ಯಾನಿಕ್ ಇದು ಕೂರಲ್ಲ ಅಂದರು. ಅಂಗಡಿಯವರು ಪೆಟ್ಟಿಗೆ ತೆರೆದಿದ್ದೀರಿ ಅಂತ ವಾಪಸ್ ತಗೊಳ್ಳುತ್ತಿಲ್ಲ. ವಯಸ್ಸು 58. ಸೀತಾಳಯ್ಯನಗಿರಿಗೆ ಒಮ್ಮೆಯಾದರೂ ಇಳಿಯದೆ ಹತ್ತಬೇಕು.
— ನಿವೃತ್ತ ಬ್ಯಾಂಕ್ ನೌಕರರು, ಚಿಕ್ಕಮಗಳೂರು

ಉತ್ತರ: ಹತ್ತುತ್ತೀರಿ ಸಾರ್, ಖಂಡಿತ. ಕೈಮರದಿಂದ ಮೇಲೆ ಆ ದಾರಿಯಲ್ಲಿ ನಾನೂ ಎಷ್ಟೋ ಸಲ ಏದುಸಿರು ಬಿಟ್ಟಿದ್ದೇನೆ. ಮುಂದೆ 28 ಹಲ್ಲು, ಹಿಂದೆ 34 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತಿಗಿಂತ ಕಡಿಮೆ ತಿರುಗುತ್ತದೆ. ಮಂಡಿಗೆ ಅದು ದೊಡ್ಡ ಉಪಕಾರ.

ನಿಮ್ಮ ಹಿಂದಿನ ಹಬ್ಬಿನಲ್ಲಿ, ಅಂದರೆ ಚಕ್ರದ ನಡುಭಾಗದಲ್ಲಿ, ಇರುವುದು ಜಾರಿಸಿ ಕೂರಿಸುವ ಕ್ಯಾಸೆಟ್ ಅಲ್ಲ, ತಿರುಪಿನ ಹಾಗೆ ತಿರುಗಿಸಿ ಕೂರಿಸುವ ಫ್ರೀವೀಲ್ ಅಂತ ನನಗನ್ನಿಸುತ್ತದೆ. ಕಡಿಮೆ ಬೆಲೆಯ ಗೇರ್ ಸೈಕಲ್‌ಗಳಲ್ಲಿ ಅದೇ ಜಾಸ್ತಿ. ಹಲ್ಲುಗಳನ್ನು ಹಿಂದಕ್ಕೆ ತಿರುಗಿಸಿ, ಮಧ್ಯದಲ್ಲಿ ಟೂಲು ಕೂರುವ ಕಚ್ಚನ್ನು ನೋಡಿ. ಅದೂ ಜೊತೆಗೆ ತಿರುಗಿದರೆ ಕ್ಯಾಸೆಟ್. ಅದು ನಿಂತಲ್ಲೇ ನಿಂತು ಹಲ್ಲು ಮಾತ್ರ ತಿರುಗಿದರೆ ಫ್ರೀವೀಲ್. ಫ್ರೀವೀಲ್ ಆಗಿದ್ದರೆ ಅದರಲ್ಲೇ 34 ಹಲ್ಲಿನದು ಸಿಗುತ್ತದೆ. ಎಷ್ಟು ಸ್ಪೀಡಿನದು, ಅಂದರೆ ಎಷ್ಟು ಹಲ್ಲುಚಕ್ರಗಳದು ಅನ್ನುವುದು ಹ್ಯಾಂಡಲ್ಲಿನಲ್ಲಿ ಗೇರ್ ಬದಲಿಸುವ ಶಿಫ್ಟರಿಗೆ ಹೊಂದಬೇಕು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ನಿಮ್ಮ ಹಿಂದಿನ ಡಿರೇಲರ್ 34 ಹಲ್ಲನ್ನು ತಡೆಯುತ್ತದೆಯೇ ಅಂತ ಅದರ ಮಾಡೆಲ್ ಸಂಖ್ಯೆ ಹಿಡಿದು ನೋಡಿ. ಚೈನು ಉದ್ದ ಬೇಕಾಗಬಹುದು.

ವಾಪಸ್ ವಿಷಯಕ್ಕೆ ಬರುತ್ತೇನೆ. ವಸ್ತು ಯಾವ ಹಬ್ಬಿಗೆ ಅಂತ ಅವರು ಸರಿಯಾಗಿ ಬರೆದಿದ್ದು, ನೀವು ಗಮನಿಸದೆ ತರಿಸಿದ್ದರೆ ಅವರ ವಾಪಸಾತಿ ನಿಯಮವೇ ಅಂತಿಮ. ವಿವರ ತಪ್ಪಾಗಿದ್ದರೆ, ಅಥವಾ ಹೇಳಿದ್ದು ಬಿಟ್ಟು ಬೇರೆ ಕಳಿಸಿದ್ದರೆ ಸುಮ್ಮನಿರಬೇಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ನಿಮ್ಮ ದೂರು ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆಗದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿಗೂ ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಕಾಯ್ದೆ ಬಂದ ಮೇಲೆ ಮಾರಿದವರು ದೆಹಲಿಯಲ್ಲಿದ್ದರೂ ನೀವು ವಾಸವಿರುವ ಚಿಕ್ಕಮಗಳೂರಿನಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ನನಗೆ ಒಮ್ಮೆ ಡಿಸ್ಕ್ ಬ್ರೇಕಿನ ಬೇರೆ ಮಾಡೆಲ್ಲಿನ ಪ್ಯಾಡ್ ಕಳಿಸಿ ಹಣ ಕೊಡಲು ಒಪ್ಪಿರಲಿಲ್ಲ. ಸಹಾಯವಾಣಿಗೆ ದೂರು ಹೋದ ಹನ್ನೊಂದನೆಯ ದಿನ ಹಣ ಬಂತು. ನನ್ನ ಕೈಯಲ್ಲಿದ್ದ ಸಾಕ್ಷಿ ಎಂದರೆ ಪೆಟ್ಟಿಗೆ ಬಿಚ್ಚುವಾಗ ತೆಗೆದ ವಿಡಿಯೋ ಮತ್ತು ಬಿಲ್ಲು. ವಿಳಾಸದ ಚೀಟಿ ಕಾಣುವ ಹಾಗೆ ಶುರು ಮಾಡಿ, ಮಧ್ಯೆ ನಿಲ್ಲಿಸದೆ ತೆಗೆಯಿರಿ.

ಪ್ರಶ್ನೆ: ಮಗಳಿಗೆ ಸೈಕಲ್ಲನ್ನೇ ಪಾರ್ಸೆಲ್‌ನಲ್ಲಿ ತರಿಸಿದ್ದೇವೆ. ಪೆಟ್ಟಿಗೆ ಬಂದಿದೆ. ನಾವೇ ಜೋಡಿಸಬಹುದೇ?
— ತಾಯಿ, ಅರಸೀಕೆರೆ

ಉತ್ತರ: ಜೋಡಿಸಲು ಪ್ರಯತ್ನಿಸಿ, ಮಗಳನ್ನೂ ಜೊತೆಗೆ ಕೂರಿಸಿಕೊಳ್ಳಿ. ಆದರೆ ಅವಳು ಹತ್ತುವ ಮೊದಲು ಮೆಕ್ಯಾನಿಕ್ ಒಬ್ಬರಿಗೆ ತೋರಿಸಿ, ಅವರು ಕೇಳಿದ ಕೂಲಿ ಕೊಡಿ. ಎರಡು ಕಡೆ ತಪ್ಪುವುದು ಜಾಸ್ತಿ. ಪೆಟ್ಟಿಗೆಯಲ್ಲಿ ಕೆಲವು ಸಲ ಫೋರ್ಕು ಹಿಂದುಮುಂದಾಗಿ ತಿರುಗಿರುತ್ತದೆ, ಹಾಗೆಯೇ ಹ್ಯಾಂಡಲ್ ಬಿಗಿದುಬಿಡುತ್ತಾರೆ. ಡಿಸ್ಕ್ ಬ್ರೇಕ್ ಇದ್ದರೆ ಮುಂದಿನ ಡಿಸ್ಕು ಸವಾರರ ಎಡಗಡೆಗೆ ಬರಬೇಕು. ಇನ್ನೊಂದು ಪೆಡಲ್. ಬಲಗಡೆಯದು ಎಲ್ಲಾ ತಿರುಪಿನ ಹಾಗೆಯೇ ಬಿಗಿಯಾಗುತ್ತದೆ. ಎಡಗಡೆಯದು ಉಲ್ಟಾ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಬೇಕು. ಎಡದ್ದಕ್ಕೆ ಎಲ್, ಬಲದ್ದಕ್ಕೆ ಆರ್ ಅಂತ ಇಂಗ್ಲಿಷ್ ಅಕ್ಷರ ಕೊರೆದಿರುತ್ತಾರೆ. ಮೊದಲ ನಾಲ್ಕೈದು ಸುತ್ತು ಸ್ಪ್ಯಾನರ್ ಮುಟ್ಟದೆ ಬೆರಳಿನಲ್ಲೇ ತಿರುಗಿಸಲು ಮಗಳಿಗೆ ಹೇಳಿ. ಬೆರಳಿಗೆ ಗಟ್ಟಿ ಅನ್ನಿಸಿದರೆ ಅಲ್ಲೇ ನಿಲ್ಲಿಸಿ, ಬಿಚ್ಚಿ, ಮತ್ತೆ ನೇರವಾಗಿ ಕೂರಿಸಲಿ.