ರೊಟ್ಟಿ ಬಿಟ್ಟ ಕಾಕಾ

ಕೊಲೊಸ್ಟಮಿ (ದೊಡ್ಡ ಕರುಳಿನ ಬಾಯಿಯನ್ನು ಹೊಟ್ಟೆಯ ಮೇಲೆ ತಂದು, ಮಲ ಅಲ್ಲಿ ಅಂಟಿಸಿದ ಚೀಲಕ್ಕೆ ಬರುವಂತೆ ಮಾಡುವ ಆಪರೇಷನ್) ಆದವರನ್ನು ಮನೆಯವರು ಆಪ್ತಸಲಹೆಗೆಂದು ನನ್ನ ಬಳಿ ಕರೆತಂದಾಗ ಹೇಳುವುದು ಬಹುತೇಕ ಒಂದೇ: 'ಊಟ ಬಿಟ್ಟಾರ, ಮಾತೂ ಬಿಟ್ಟಾರ.' ಇಂಡಿ ಕಡೆಯ ಈ ರೈತರೂ ಹಾಗೇ ಬಂದವರು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಗುದನಾಳದ ಕ್ಯಾನ್ಸರಿಗೆ ಬೆಳಗಾವಿಯಲ್ಲಿ ಆಪರೇಷನ್ ಆಗಿ ಕೆಲವು ತಿಂಗಳಾಗಿತ್ತು.

ಕುರ್ಚಿಯ ತುದಿಯಲ್ಲಿ ಕೂತು ಹೊಟ್ಟೆಗೆ ಟವೆಲ್ ಒತ್ತಿ ಹಿಡಿದಿದ್ದರು. 'ರೊಟ್ಟಿ ಯಾಕ ಬಿಟ್ರಿ ಕಾಕಾ?'

'ತಿಂದ್ರ ಚೀಲ ಸೋರತೈತ್ರಿ. ಗುಡಿಗಿ ಹೋಗಂಗಿಲ್ಲ, ಬಸ್ ಹತ್ತಂಗಿಲ್ಲ.'

ಸುತ್ತಲಿನ ಚರ್ಮ ಉರಿಯುತ್ತದೆಂದು ಮನೆಯವರು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಎಣ್ಣೆ ಹಚ್ಚಿದಲ್ಲಿ ಚೀಲದ ಅಂಟು ಹಿಡಿಯುವುದಿಲ್ಲ. ಸ್ಟೋಮಾ (ಹೊಟ್ಟೆಯ ಮೇಲಿನ ಆ ಕರುಳಿನ ಬಾಯಿ) ನೋಡಿಕೊಳ್ಳುವ ಆಸ್ಪತ್ರೆಯ ನರ್ಸ್, ಅಂದರೆ ಸ್ಟೋಮಾ ಸಿಸ್ಟರ್‌ಗೆ ವಿಡಿಯೋ ಕಾಲ್ ಮಾಡೋಣ ಎಂದೆ. ಎದ್ದೇ ನಿಂತರು. 'ಸೊಸಿ ಮೊಬೈಲ್ ಹಿಡೀಬೇಕು, ನಾ ಹೊಟ್ಟಿ ತೋರಸಬೇಕು! ಅದಕ್ಕಿಂತ ಉಪಾಸ ಇರ್ತೀನ್ರಿ.'

ಕರಾರು ಮಾಡಿಕೊಂಡೆವು: ಮೊಬೈಲ್ ಹಿಡಿಯುವವರು ಹೆಂಡತಿ, ಮುಖ ಕಾಣಬಾರದು, ರೆಕಾರ್ಡಿಂಗ್ ಇಲ್ಲ, ಫೋಟೋ ಕಳಿಸಿದ ಕೂಡಲೇ ಅಳಿಸಬೇಕು. (ಅಂಥ ಫೋಟೋ ಮನೆತನದ ಗ್ರೂಪಿಗೆ ಹೋದರೆ ಆಮೇಲೆ ಯಾವ ಸಲಹೆಯೂ ನಾಟುವುದಿಲ್ಲ.)

ಕಿಟಕಿ ಬೆಳಕಿನಲ್ಲಿ ನೋಡಿದ ಸಿಸ್ಟರ್ ಕೇಳಿದ್ದು ಇಷ್ಟೇ: 'ಚೀಲದ ತೂತು ಯಾವ ಅಳತಿಗಿ ಕತ್ತರಸ್ತೀರಿ ಕಾಕಾ?' ಅವರು ಜೇಬಿನಿಂದ ಮಾಸಿದ ರಟ್ಟಿನ ಬಳೆಯೊಂದನ್ನು ತೆಗೆದರು. ಡಿಸ್ಚಾರ್ಜ್ ದಿನ ಅಳತೆಗೆಂದು ಕೊಟ್ಟದ್ದು. ಆಪರೇಷನ್ ನಂತರ 6–8 ವಾರ ಸ್ಟೋಮಾ ಕುಗ್ಗುತ್ತಾ ಹೋಗುತ್ತದೆ, ರಟ್ಟು ಕುಗ್ಗಿರಲಿಲ್ಲ. ನಡುವೆ ಉಳಿದ ಬರೀ ಚರ್ಮದ ಮೇಲೆ ದಿನವೂ ಮಲ ಕೂರುತ್ತಿತ್ತು. ಹೊಸದಾಗಿ ಅಳೆದು ಸುತ್ತ 2–3 ಮಿ.ಮೀ. ಮಾತ್ರ ಬಿಡಿ, ಬರೀ ನೀರಿನಲ್ಲಿ ತೊಳೆದು ಪೂರಾ ಒಣಗಿಸಿ, ಚೀಲ ಮೂರರಲ್ಲೊಂದು ಪಾಲು ತುಂಬಿದಾಗಲೇ ಖಾಲಿ ಮಾಡಿ ಎಂದರು.

'ಅಂದ್ರ ರೊಟ್ಟೀದೇನೂ ತಪ್ಪಿಲ್ಲ?'

ಆ ಕ್ಷಣಕ್ಕೆ ಟವೆಲ್ ಮೇಲಿನ ಕೈ ಸಡಿಲಾಯಿತು.

ಆಪ್ತಸಲಹೆ ಎಂದರೆ ಮನಸ್ಸಿನ ಮಾತು, ಕತ್ತರಿಯ ಅಳತೆ ನಿಮಗೇಕೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಸೋರುವ ಚೀಲ ಕಟ್ಟಿಕೊಂಡವರಿಗೆ ಬರೀ ಧೈರ್ಯ ಹೇಳುವುದರಲ್ಲಿ ನನಗೆ ನಂಬಿಕೆ ಇಲ್ಲ. ಮೊದಲು ಸೋರುವುದು ನಿಲ್ಲಲಿ. ಆಮೇಲೂ ಉಳಿಯುವ ದುಃಖ ನನ್ನ ಪಾಲಿನ ಕೆಲಸ.

ಡಿಸ್ಚಾರ್ಜ್ ದಿನವೇ ಸಿಸ್ಟರ್ ನಂಬರು, ಯಾವ ಹೊತ್ತಿಗೆ ಸಿಗುತ್ತಾರೆಂಬುದನ್ನು ಬರೆಸಿಕೊಳ್ಳಿ. ಚರ್ಮ ಕೆಂಪಾದಾಗಲೇ ಫೋನ್ ಮಾಡಿ, ಹುಣ್ಣಾಗುವ ತನಕ ಕಾಯಬೇಡಿ. ಸರ್ಕಾರದ ಇ-ಸಂಜೀವನಿಯಲ್ಲಿ ಮೊಬೈಲಿನಲ್ಲೇ ಉಚಿತವಾಗಿ ಡಾಕ್ಟರ್ ಸಿಗುತ್ತಾರೆ, ಆದರೆ ಚೀಲ ಕೂರಿಸುವ ಕೈಕೆಲಸಕ್ಕೆ ಸ್ಟೋಮಾ ಸಿಸ್ಟರೇ ಬೇಕು. ಸ್ಟೋಮಾ ಕಪ್ಪಾದರೆ, ಚೀಲಕ್ಕೆ ಏನೂ ಬಾರದೆ ಹೊಟ್ಟೆ ಉಬ್ಬಿ ವಾಂತಿಯಾದರೆ ಮೊಬೈಲ್ ಬದಿಗಿಟ್ಟು ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಹೋಗಿ.