ಹೊರಟಾಗ ಒಂದು ಬಗೆ, ತಲುಪಿದಾಗ ಇನ್ನೊಂದು: ಗೊತ್ತಾಗುವುದು ಹೇಗೆ?

ನ್ಯೂಟ್ರಿನೋ ಎಂಬ ಅತಿ ಹಗುರ, ವಿದ್ಯುದಾವೇಶವಿಲ್ಲದ ಕಣದಲ್ಲಿ ಎಲೆಕ್ಟ್ರಾನ್, ಮ್ಯೂಆನ್, ಟೌ ಎಂಬ ಮೂರು ಬಗೆಗಳಿವೆ. ಅದನ್ನು ಹೊರಟಲ್ಲೇ ಹಿಡಿದರೆ ಅದರ ಪಯಣ ಅಲ್ಲಿಗೇ ಮುಗಿಯಿತು, ಹಿಡಿಯದಿದ್ದರೆ ದಾರಿಯಲ್ಲಿ ಅದು ಬಗೆ ಬದಲಿಸಿತೆಂದು ಹೇಳುವುದು ಹೇಗೆ ಎಂದು ಕೇಳಿದ್ದೀರಿ. ಮುಂಬಯಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನನಗೆ ತರಗತಿಯಲ್ಲೂ ಈ ಪ್ರಶ್ನೆ ಎದುರಾಗುತ್ತದೆ. ಒಂದೊಂದೇ ನ್ಯೂಟ್ರಿನೋದ ಬೆನ್ನು ಹತ್ತುವುದಿಲ್ಲ. ಒಂದೇ ಕಿರಣವನ್ನು ಎರಡು ಕಡೆ ಎಣಿಸಿ, ಶಕ್ತಿವಾರು ಲೆಕ್ಕವನ್ನು ತಾಳೆ ನೋಡುತ್ತಾರೆ.

ಅಮೆರಿಕದ ನೋವಾ ಪ್ರಯೋಗವನ್ನೇ ನೋಡಿ. ಶಿಕಾಗೋ ಬಳಿಯ ಫರ್ಮಿಲ್ಯಾಬ್‌ನಲ್ಲಿ ಪ್ರೋಟಾನ್‌ಗಳು ಗ್ರಾಫೈಟ್‌ಗೆ ಬಡಿದಾಗ ಹುಟ್ಟುವ ಪಯಾನ್‌ಗಳೆಂಬ ಅಲ್ಪಾಯು ಕಣಗಳನ್ನು ಕಾಂತಕ್ಷೇತ್ರದಿಂದ ಒಂದೇ ದಿಕ್ಕಿಗೆ ತಿರುಗಿಸುತ್ತಾರೆ; ಅವು ಉದ್ದನೆಯ ಕೊಳವೆಯಲ್ಲಿ ಸಾಗುತ್ತಲೇ ಕ್ಷಯಿಸಿ, ಬಹುಪಾಲು ಮ್ಯೂಆನ್ ಬಗೆಯ ನ್ಯೂಟ್ರಿನೋಗಳನ್ನು ಕೊಡುತ್ತವೆ. ಸುಮಾರು 1 ಕಿ.ಮೀ. ಆಚೆ ಒಂದು ಶೋಧಕವಿದೆ, 810 ಕಿ.ಮೀ. ಆಚೆ 14,000 ಟನ್ನಿನ ಇನ್ನೊಂದಿದೆ. ಮುಂಬಯಿಯಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೆ ಹೆಚ್ಚುಕಡಿಮೆ ಅಷ್ಟೇ ದೂರ. ಸುರಂಗದ ಅಗತ್ಯವಿಲ್ಲ, ಭೂಮಿಯೊಳಗಿಂದಲೇ 2.7 ಮಿಲಿಸೆಕೆಂಡಿನಲ್ಲಿ ತಲುಪುತ್ತವೆ. ದೂರದ ಶೋಧಕ ನೆಲದ ಮೇಲೆಯೇ ಇರುವುದರಿಂದ ಅದರ ಮೇಲೆ ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ಸದಾ ಸುರಿಯುತ್ತಿರುತ್ತವೆ. ಕಿರಣ ಸಲಕ್ಕೆ 10 ಮೈಕ್ರೋಸೆಕೆಂಡಷ್ಟೇ ಬರುವುದರಿಂದ, ಜಿಪಿಎಸ್ ಗಡಿಯಾರದ ಆಧಾರದಿಂದ ಆ ಹೊತ್ತಿನದನ್ನು ಮಾತ್ರ ಆರಿಸಿಕೊಳ್ಳುತ್ತಾರೆ. 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯಾಳದಲ್ಲಿ, ಇಲ್ಲಿನ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರೂ ಸೇರಿ ವಿಶ್ವಕಿರಣಗಳು ವಾತಾವರಣಕ್ಕೆ ಬಡಿದು ಹುಟ್ಟುವ ನ್ಯೂಟ್ರಿನೋಗಳನ್ನು ಕಂಡಾಗ ಈ ಅನುಕೂಲವಿರಲಿಲ್ಲ: ಅವು ಯಾವ ಹೊತ್ತಿಗೆ ಬರುತ್ತವೆಂದು ಹೇಳುವವರಿರಲಿಲ್ಲ.

ದೂರದ ಶೋಧಕದಲ್ಲಿ ಮ್ಯೂಆನ್ ಬಗೆಯವು ನಿರೀಕ್ಷೆಗಿಂತ ಕಡಿಮೆ ಸಿಗುತ್ತವೆ. ಎಲ್ಲ ಶಕ್ತಿಗಳಲ್ಲೂ ಎಣಿಕೆ ಒಂದೇ ಸಮ ತಗ್ಗಿದ್ದರೆ ನಾನೂ ಉಪಕರಣವನ್ನೇ ಅನುಮಾನಿಸುತ್ತಿದ್ದೆ. ಆದರೆ ಕೊರತೆ ಅತಿ ಹೆಚ್ಚಾಗಿ ಕಾಣುವುದು 1.6 ಗಿಗಾ ಎಲೆಕ್ಟ್ರಾನ್‌ವೋಲ್ಟಿನ (ಕಣಗಳ ಶಕ್ತಿಯನ್ನು ಅಳೆಯುವ ಮಾನ) ಆಸುಪಾಸಿನಲ್ಲಿ. ಜಪಾನಿನ ಟಿ2ಕೆ ಪ್ರಯೋಗದಲ್ಲಿ ದೂರ 295 ಕಿ.ಮೀ., ಕೊರತೆ 0.6ರ ಬಳಿ. ಎರಡರಲ್ಲೂ ದೂರವನ್ನು ಶಕ್ತಿಯಿಂದ ಭಾಗಿಸಿ ನೋಡಿ, ಸುಮಾರು 500 ಬರುತ್ತದೆ. ನ್ಯೂಟ್ರಿನೋ ಬಗೆ ಬದಲಿಸುತ್ತ ಸಾಗುವುದನ್ನು ಆಂದೋಲನ ಎನ್ನುತ್ತಾರೆ; ಅದು ಈ ಅನುಪಾತವನ್ನೇ ಅವಲಂಬಿಸಿದೆ ಎಂದು ಸಿದ್ಧಾಂತವೂ ಹೇಳುತ್ತದೆ. ಆ ತಗ್ಗು ಇರುವ ಜಾಗದಿಂದ ದ್ರವ್ಯರಾಶಿಗಳ ವರ್ಗಗಳ ವ್ಯತ್ಯಾಸವೂ, ಅದರ ಆಳದಿಂದ ಬಗೆಗಳ ಬೆರಕೆಯ ಪ್ರಮಾಣವೂ ಸಿಗುತ್ತವೆ.

ಇನ್ನು ಬಗೆಯನ್ನು ಗುರುತಿಸುವುದು. ಟಿ2ಕೆಯ ದೂರದ ಶೋಧಕವಾದ ಸೂಪರ್ ಕಾಮಿಯೋಕಾಂಡೆಯಲ್ಲಿ 50,000 ಟನ್ ನೀರಿದೆ. ಮ್ಯೂಆನ್ ಬಗೆಯ ನ್ಯೂಟ್ರಿನೋ ಅದರಲ್ಲಿ ಬಡಿದರೆ ಮ್ಯೂಆನ್ ಎಂಬ, ಎಲೆಕ್ಟ್ರಾನಿಗಿಂತ ಭಾರವಾದ ಕಣ ಹುಟ್ಟುತ್ತದೆ, ಎಲೆಕ್ಟ್ರಾನ್ ಬಗೆಯದು ಬಡಿದರೆ ಎಲೆಕ್ಟ್ರಾನ್. ಮ್ಯೂಆನ್ ಮೂಡಿಸುವ ಬೆಳಕಿನ ಉಂಗುರದ ಅಂಚು ಗೆರೆ ಕೊರೆದಂತಿರುತ್ತದೆ. ಎಲೆಕ್ಟ್ರಾನಿನದು, ಅದು ನೀರಿನಲ್ಲಿ ಕಣಗಳ ಸೋನೆಯನ್ನೇ ಎಬ್ಬಿಸುವುದರಿಂದ, ಕದಡಿದಂತಿರುತ್ತದೆ. 2013ರಲ್ಲಿ ಅಂಥ ಎಲೆಕ್ಟ್ರಾನ್ ಬಗೆಯ 28 ಘಟನೆಗಳು ಸಿಕ್ಕವು. ಬೇರೆ ಕಾರಣಗಳಿಂದ ನಿರೀಕ್ಷೆಯಿದ್ದದ್ದು ಸುಮಾರು 5. ಕಾಣೆಯಾದ ಉಳಿದವುಗಳಲ್ಲಿ ಬಹುಪಾಲು ಟೌ ಬಗೆಗೆ ತಿರುಗಿವೆ, ಆದರೆ ಟೌ ಕಣವನ್ನು ಹುಟ್ಟಿಸಲು ಈ ಕಿರಣದ ಬಹುತೇಕ ನ್ಯೂಟ್ರಿನೋಗಳಿಗೆ ಶಕ್ತಿ ಸಾಲದು. ಹಾಗಾಗಿ ಅವು ಲೆಕ್ಕದಲ್ಲಿ ಕೊರತೆಯಾಗಿಯೇ ಉಳಿಯುತ್ತವೆ.